ಉಸಿರು ಬಿಟ್ಟು ಕೊಟ್ಟ ಅಳತೆ

ಮಾರ್ಚ್ 4, ಮಂಗಳವಾರ

ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ಯಾರನ್ನು ಕೇಳುತ್ತಿದ್ದೇನೋ ಗೊತ್ತಿಲ್ಲ. ಇದನ್ನು ನಾನಲ್ಲದೆ ಬೇರೆ ಯಾರೂ ಓದುವುದಿಲ್ಲ. ಆದರೂ ಮೊದಲೇ ಕೇಳಿಬಿಟ್ಟರೆ ಪೆನ್ನು ಹೆದರದೆ ಓಡುತ್ತದೆ. ಐದನೇ ತರಗತಿ ಬಿಟ್ಟ ಮೇಲೆ ನಾನು ಬರೆದದ್ದೆಲ್ಲ ಎದೆ, ಸೊಂಟ, ತೋಳು, ಉದ್ದ ಇಷ್ಟೇ. ಕಾಗುಣಿತ ತಪ್ಪಿದರೆ ತಪ್ಪಲಿ. ಇದು ದೊಡ್ಡಮ್ಮನ ಹಳೆಯ ಅಳತೆ ಪುಸ್ತಕ. ಹಿಂದುಗಡೆ ಇಪ್ಪತ್ತು ಹಾಳೆ ಖಾಲಿ ಉಳಿದಿದ್ದವು.

ಇವತ್ತು ದೊಡ್ಡಮ್ಮನ ಹೊಲಿಗೆ ಅಂಗಡಿಗೆ ಇಬ್ಬರು ಬಂದರು. ಒಬ್ಬರು ಗುಂಡಿ ಹಾಕಿಸಲು. ಇನ್ನೊಬ್ಬರು ದಾರಿ ತಪ್ಪಿ.

ಎರಡು ತಿಂಗಳಿಂದ ನಮ್ಮ ಬೀದಿಯನ್ನು ಪೈಪು ಹಾಕಲು ಅಗೆದಿದ್ದಾರೆ. ಅಂಗಡಿಯ ಮುಂದೆ ಆಳೆತ್ತರಕ್ಕೂ ಮೀರಿದ ತಗಡು ನಿಲ್ಲಿಸಿದ್ದಾರೆ. ನಮ್ಮ ಬೋರ್ಡು ಅದರ ಹಿಂದೆ ಮುಖ ಮುಚ್ಚಿಕೊಂಡು ಕೂತಿದೆ. ಹಿಂದಿನ ಓಣಿಯಿಂದ ಬರಬಹುದು, ಆದರೆ ಯಾರಿಗೆ ಗೊತ್ತು?

ಸಂಜೆ ಹಳೆಯ ಮಷೀನುಗಳ ವ್ಯಾಪಾರಿ ಬಂದು ಎರಡೂ ಮಷೀನನ್ನು ತಿರುಗಿಸಿ ನೋಡಿ ಹೋದರು. ತಿಂಗಳ ಕೊನೆಯ ದಿನ ಬಂದು ಒಯ್ಯುತ್ತಾರಂತೆ, ದೊಡ್ಡಮ್ಮ ಒಪ್ಪಿದರೆ. ಕೈಯಲ್ಲಿ ಕೆಲಸ ಇಲ್ಲದಿದ್ದರೆ ಒಪ್ಪುತ್ತೇನೆ ಎಂದಳು. ಆಮೇಲೆ ಅವಳು ತಮ್ಮನ ಮನೆಗೆ ಹೋಗುವುದು, ನಾನು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಸೇರುವುದು. ಅಲ್ಲಿ ಮುನ್ನೂರು ಜನ ಒಂದೇ ಹಾಲಿನಲ್ಲಿ ಕೂರುತ್ತಾರೆ. ಮುನ್ನೂರು ಜನ.

ನನ್ನ ಮಷೀನು ಅಮ್ಮನದು. ಅಮ್ಮ ಹೋದ ಮೇಲೆ ದೊಡ್ಡಮ್ಮ ನನ್ನನ್ನೂ ಅದನ್ನೂ ಒಟ್ಟಿಗೆ ಕರೆದುಕೊಂಡು ಬಂದಳು.

ಮಾರ್ಚ್ 6, ಗುರುವಾರ

ಅಂಗಡಿಯ ಮಧ್ಯೆ ಒಂದು ನೀಲಿ ಪರದೆ ಇದೆ. ಬಟ್ಟೆ ಹಾಕಿ ನೋಡುವವರಿಗೆಂದು ಕಟ್ಟಿದ್ದು. ಆದರೆ ಅದರ ಹಿಂದೆ ಹೆಚ್ಚು ಹೊತ್ತು ಇರುವವಳು ನಾನು. ಗಿರಾಕಿಯ ಚಪ್ಪಲಿ ಸದ್ದು ಕೇಳಿದ ಕೂಡಲೇ ನನ್ನ ಕಾಲು ಆ ಕಡೆ ತಿರುಗುತ್ತದೆ. ದೊಡ್ಡಮ್ಮ ಮಾತಾಡುತ್ತಾಳೆ, ನಾನು ಒಳಗಿಂದ ಬಟ್ಟೆ ಚಾಚುತ್ತೇನೆ. ಹತ್ತು ವರ್ಷದಿಂದ ಬರುವ ಕೆಲವರು ನನ್ನ ಕೈಯನ್ನು ಮಾತ್ರ ನೋಡಿದ್ದಾರೆ.

ಓಣಿಯ ತಿರುವಿನಲ್ಲಿ ಮೊಬೈಲು ರಿಪೇರಿ ಮಾಡುವ ಅಕ್ಕ ಇದ್ದಾಳೆ. ಎಲ್ಲರೂ ಮೊಬೈಲಕ್ಕ ಎನ್ನುತ್ತಾರೆ. ನನ್ನನ್ನು ಅವಳು ಗುಬ್ಬಿ ಎನ್ನುತ್ತಾಳೆ. ಅವಳ ಅಂಗಡಿ ನಮ್ಮ ಕತ್ತರಿಸುವ ಮೇಜಿನಷ್ಟೂ ದೊಡ್ಡದಿಲ್ಲ, ಯಾವಾಗಲೂ ನಾಲ್ಕು ಜನ ನಿಂತಿರುತ್ತಾರೆ. ಹೇಗೆ ಎಂದು ಕೇಳಿದೆ. ಕೇಳುವುದಕ್ಕೆ ಜನ ಹೋಗುವ ತನಕ ಕಾದೆ.

"ಬೀದಿ ನೋಡ್ಕೊಂಡು ಯಾರು ನಡೀತಾರೆ ಈಗ? ಎಲ್ರೂ ಅಂಗೈ ನೋಡ್ಕೊಂಡೇ ನಡೆಯೋದು. ನಿಮ್ಮಂಗಡಿ ಅವರ ಅಂಗೈಯಲ್ಲಿ ಇಲ್ಲ, ಅಷ್ಟೆ."

ಬಿರುಕು ಬಿಟ್ಟ ಒಂದು ಫೋನು ಕೊಟ್ಟಳು. ಯಾರೋ ರಿಪೇರಿಗೆ ಕೊಟ್ಟು ಬೇಡವೆಂದು ಬಿಟ್ಟುಹೋದದ್ದಂತೆ. ಗಾಜಿನ ಮೇಲೆ ಬಿರುಕು ನೂಲೆಳೆಯ ಹಾಗೆ ಓಡಿದೆ. ದೊಡ್ಡಮ್ಮ ಅದನ್ನು ನೋಡಿ, ಇದರಲ್ಲಿ ಗುಂಡಿಯ ಕಾಜಾ ಹೊಲಿಯಲು ಬರುತ್ತದಾ ಎಂದು ಕೇಳಿದಳು.

ಮಾರ್ಚ್ 9, ಭಾನುವಾರ

ಈಗ ಬಳಸುವ ಅಳತೆ ಪುಸ್ತಕದಲ್ಲಿ ಗಿರಾಕಿಗಳೆಲ್ಲರ ನಂಬರೂ ಇದೆ. ಬಟ್ಟೆ ರೆಡಿಯಾದರೆ ತಿಳಿಸಲೆಂದು ಬರೆಸಿಕೊಂಡದ್ದು. ದೊಡ್ಡಮ್ಮ ಒಬ್ಬರಿಗೂ ಫೋನು ಮಾಡಿಲ್ಲ. ಬರುವವರು ಬರುತ್ತಾರೆ ಎನ್ನುವುದು ಅವಳ ಲೆಕ್ಕ. ಇವತ್ತು ಕೂತು ನೂರ ನಲವತ್ತಮೂರು ನಂಬರು ಫೋನಿಗೆ ಹಾಕಿದೆ. ಬೆರಳು ಸೂಜಿ ಹಿಡಿದಾಗ ತಪ್ಪುವುದಿಲ್ಲ, ಇಲ್ಲಿ ಒಂದೊಂದು ನಂಬರನ್ನೂ ಎರಡು ಸಲ ಒತ್ತಬೇಕಾಯಿತು.

ಪುಸ್ತಕದಲ್ಲಿ ಹೆಸರು ಇರುವುದು ಅಪರೂಪ. ದೊಡ್ಡಮ್ಮನಿಗೆ ಮನುಷ್ಯರು ನೆನಪಿರುವುದು ಮೈಯಿಂದ. ಒಬ್ಬರ ಬಲಗೈ ಉದ್ದ, ಒಬ್ಬರು ಬಗ್ಗಿ ನಡೆಯುತ್ತಾರೆ, ಒಬ್ಬರಿಗೆ ಕುತ್ತಿಗೆ ಪಟ್ಟಿ ತಗುಲಿದರೆ ಸಿಟ್ಟು. ದಾರಿಯಲ್ಲಿ ಬೆನ್ನು ನೋಡಿಯೇ ಯಾರದು ಎನ್ನುತ್ತಾಳೆ. ಈಗ ನನಗೂ ಹಾಗೇ ಆಗಿದೆ.

ಮಾರ್ಚ್ 12, ಬುಧವಾರ

ಎಲ್ಲರನ್ನೂ ಸೇರಿಸಿ ಒಂದು ಗ್ರೂಪು ಮಾಡಿದೆ. ಮೊಬೈಲಕ್ಕ ಹೇಳಿಕೊಟ್ಟದ್ದು ಬೇರೇನೋ, ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣದ ಹಾಗೆ ಕಳಿಸುವುದು. ಅದು ನನಗೆ ಸರಿಯಾಗಿ ಹಿಡಿಯಲಿಲ್ಲ, ಎರಡನೇ ಸಲ ಕೇಳಲು ನಾಚಿಕೆಯಾಯಿತು. ಗ್ರೂಪು ಸುಲಭ.

ಏನು ಬರೆಯುವುದು? ನನ್ನ ಅಕ್ಷರ ನೂರ ನಲವತ್ತಮೂರು ಜನ ನೋಡುವುದನ್ನು ನೆನೆದರೇ ಬೆವರು ಬರುತ್ತದೆ. ಆಗ ಹೊಳೆಯಿತು. ರೆಡಿಯಾಗಿ ತೂಗುತ್ತಿರುವ ಬಟ್ಟೆಗಳ ಪಟ್ಟಿಯನ್ನು ದೊಡ್ಡಮ್ಮ ಒಂದು ಹಾಳೆಯಲ್ಲಿ ಬರೆದು ಮೊಳೆಗೆ ಸಿಕ್ಕಿಸಿರುತ್ತಾಳೆ. ಅವಳ ಗುಂಡು ಗುಂಡು ಅಕ್ಷರ, ನೋಡಲು ಚೆಂದ. ಹದಿನಾಲ್ಕು ಜನರ ಬಟ್ಟೆ ಇದೆ. ಅದರ ಫೋಟೋ ಹಾಕಿದರೆ ಅಂಗಡಿ ತೆರೆದಿದೆ ಎಂದೂ ಗೊತ್ತಾಗುತ್ತದೆ, ಬಟ್ಟೆಯವರೂ ಬರುತ್ತಾರೆ.

ನಾಳೆ ಬೆಳಿಗ್ಗೆ ಜನ ಏಳುವ ಮೊದಲೇ ಕಳಿಸುತ್ತೇನೆ. ಮಲಗಿರುವವರಿಗೆ ಕಳಿಸುವುದಕ್ಕೆ ಅಷ್ಟು ನಾಚಿಕೆಯಾಗುವುದಿಲ್ಲ.

ಮಾರ್ಚ್ 13, ಗುರುವಾರ

ಐದೂ ನಲವತ್ತಕ್ಕೆ ಕಳಿಸಿದೆ. ಆರು ಗಂಟೆಗೆ ಫೋನು ಜೇನುಗೂಡಿನ ಹಾಗೆ ಗುಂಯ್ಗುಟ್ಟತೊಡಗಿತು. ನಾನು ಖುಷಿಯಿಂದ ತೆರೆದೆ.

ಆ ಹಾಳೆ ನನಗೆ ಗೋಡೆಯಷ್ಟು ಪರಿಚಿತ. ದಿನಕ್ಕೆ ಇಪ್ಪತ್ತು ಸಲ ನೋಡುತ್ತೇನೆ, ಯಾರ ಬಟ್ಟೆ ಯಾವುದು ಎಂದು ಹುಡುಕಲು. ಅದರಲ್ಲಿ ಏನು ಬರೆದಿದೆ ಎಂದು ಬೇರೆಯವರ ಕಣ್ಣಿನಿಂದ ನಾನು ನೋಡಿಯೇ ಇರಲಿಲ್ಲ. ಮೂರನೇ ಸಾಲು ಹೀಗಿತ್ತು: "ಹಲ್ಲಿನ ಡಾಕ್ಟರು, ಪ್ಯಾಂಟು. ಸೊಂಟ 38 ಅಲ್ಲ, 42. ಹೊಟ್ಟೆ ಒಳಗೆ ಎಳೆದುಕೊಂಡು ನಿಲ್ಲುತ್ತಾರೆ, ನಂಬಬೇಡ."

ಯಾರೋ ಕೆಳಗೆ ಬರೆದಿದ್ದರು: ಡಾಕ್ಟ್ರೇ, ಉಸಿರು ಬಿಡಿ. ಅದಕ್ಕೆ ಇಪ್ಪತ್ತಾರು ನಗುವ ಮುಖ.

ಏಳನೇ ಸಾಲು ಇನ್ನೂ ಕೆಟ್ಟದು. "ಗ್ರಂಥಾಲಯದ ಮೇಡಂ, ಕೋಟು. ಎಡ ಹೆಗಲು ಅರ್ಧ ಇಂಚು ಇಳಿಕೆ. ಎಂದಿನಂತೆ ಒಳಗೆ ಪ್ಯಾಡ್ ಇಟ್ಟು ಸಮ ಮಾಡಿದೆ. ಹೇಳಬೇಡ."

ಅವರು ಏನೂ ಬರೆಯಲಿಲ್ಲ. ಗ್ರೂಪು ಬಿಟ್ಟು ಹೋದರು. ಎಂಟು ಗಂಟೆಯ ಹೊತ್ತಿಗೆ ಐವತ್ತೆರಡು ಜನ ಬಿಟ್ಟಿದ್ದರು. ಉಳಿದವರು ಬೆಳಗಾಗುವ ಮೊದಲೇ ಎಬ್ಬಿಸಿದ್ದಕ್ಕೆ ಬೈಯುತ್ತಿದ್ದರು.

ಹಾಳೆಯನ್ನು ದೊಡ್ಡಮ್ಮನಿಗೆ ತೋರಿಸಿ ಹೇಳಿದೆ. ಅವಳು ಕನ್ನಡಕ ಹಾಕಿಕೊಂಡು ಹದಿನಾಲ್ಕೂ ಸಾಲು ಓದಿದಳು. ಕನ್ನಡಕ ತೆಗೆದು ಮಡಿಸಿಟ್ಟಳು.

ಮಾರ್ಚ್ 14, ಶುಕ್ರವಾರ

ದೊಡ್ಡಮ್ಮ ಇಡೀ ದಿನ ಹಳೆಯ ಗುಂಡಿಗಳನ್ನು ಬಣ್ಣಕ್ಕೆ ತಕ್ಕಂತೆ ಬೇರೆ ಮಾಡುತ್ತಾ ಕೂತಳು. ಯಾರೂ ಬರಲಿಲ್ಲ.

ಮಾರ್ಚ್ 15, ಶನಿವಾರ

ದೊಡ್ಡಮ್ಮ ಬೈದಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನ ಬಾಬಿನ್‌ಗೆ ನೂಲು ಸುತ್ತುತ್ತಾ, ನನ್ನ ಕಡೆ ನೋಡದೆ ಹೇಳಿದಳು.

"ಟೇಪು ಹಿಡಿದು ನಿಂತಾಗ ಒಬ್ರ ಮೈ ಬಗ್ಗೆ ಅವ್ರಿಗೇ ಗೊತ್ತಿಲ್ಲದ್ದು ನಮಗೆ ಗೊತ್ತಾಗುತ್ತೆ ಮಗೂ. ಅದನ್ನ ಬಟ್ಟೆ ಒಳಗೆ ಇಟ್ಟು ಹೊಲಿದುಬಿಡ್ಬೇಕು. ನಾನು ಮಾಡ್ತಿದ್ದ ಕೆಲಸ ಅದೊಂದೇ. ಬರೀ ಹೊಲಿಗೆ ಎಲ್ಲರಿಗೂ ಬರುತ್ತೆ."

ಮೇಡಂ ಮೊದಲ ಸಲ ಬಂದಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದರಂತೆ. ಕನ್ನಡಿಯಲ್ಲಿ ಕೋಟು ನೋಡಿ, ಇಷ್ಟು ನೆಟ್ಟಗೆ ಯಾರೂ ಹೊಲಿದಿರಲಿಲ್ಲ ಎಂದಿದ್ದರಂತೆ. ಆಮೇಲೆ ಹದಿನೆಂಟು ವರ್ಷ ಬೇರೆಲ್ಲೂ ಹೋಗಿಲ್ಲ.

ವ್ಯಾಪಾರಿಗೆ ನಾಳೆಯೇ ಬಂದು ಒಯ್ಯಲು ಹೇಳುವುದಾ ಎಂದು ಕೇಳಿದಳು. ತಿಂಗಳ ಕೊನೆಯ ತನಕ ಎಂದು ಮಾತಾಗಿದೆಯಲ್ಲ ಎಂದೆ.

ಮಾರ್ಚ್ 17, ಸೋಮವಾರ

ಮೊಬೈಲಕ್ಕನ ಹತ್ತಿರ ಹೋಗಿ ಗ್ರೂಪು ಅಳಿಸಿದೆ. ಅವಳು ನಗಲಿಲ್ಲ. ಬಟ್ಟೆ ರೆಡಿಯಾದರೆ ತಿಳಿಸಿ ಎಂದು ನಂಬರು ಕೊಟ್ಟವರಿಗೆ ಅದನ್ನು ಮಾತ್ರ ತಿಳಿಸಬೇಕು, ಅದೂ ಅವರವರಿಗೆ, ಮಿಕ್ಕದ್ದು ಬೇಕೋ ಬೇಡವೋ ಮೊದಲು ಕೇಳಬೇಕು ಎಂದಳು. "ಫೋನು ಅಂದ್ರೆ ಅವರ ಜೇಬು ಕಣೇ ಗುಬ್ಬಿ. ಕೇಳ್ದೆ ಕೈ ಹಾಕಿದ್ರೆ ಯಾರು ಸುಮ್ನಿರ್ತಾರೆ?" ಒಬ್ಬೊಬ್ಬರಿಗೇ ಕಳಿಸುವುದನ್ನು ಎರಡನೇ ಸಲವೂ ಹೇಳಿಕೊಟ್ಟಳು, ನಾನು ಕೇಳದೆಯೇ.

ಹದಿನಾಲ್ಕು ಜನರಿಗೂ ಕ್ಷಮೆ ಕೇಳಬೇಕು. ಬರೆಯಲು ಕೂತರೆ ಒಂದೊಂದು ಪದಕ್ಕೂ ಸಂಶಯ. ಕೊನೆಗೆ ಮಾತಿನಲ್ಲೇ ಕಳಿಸುವುದೆಂದುಕೊಂಡೆ. ಎದುರಿಗೆ ಮುಖ ಇಲ್ಲವಲ್ಲ. ಪರದೆಯ ಹಿಂದೆ ಹೋಗಿ, ತೂಗುಹಾಕಿದ ಕೋಟುಗಳ ನಡುವೆ ತಲೆ ಹುದುಗಿಸಿ, ಫೋನನ್ನು ಬಾಯಿಯ ಹತ್ತಿರ ಹಿಡಿದೆ. ಒಂಬತ್ತು ಸಲ ಅಳಿಸಿದೆ. ಹತ್ತನೆಯದು ಹೋಗಿಬಿಟ್ಟಿತು.

"ನಾನು ಟೈಲರಮ್ಮನ ಅಂಗಡಿಯವಳು. ಪರದೆ ಹಿಂದೆ ಇರ್ತೀನಲ್ಲ, ಅವಳು. ಆ ಹಾಳೆ ಕಳಿಸಿದ್ದು ನಾನು, ದೊಡ್ಡಮ್ಮಂಗೆ ಗೊತ್ತಿರಲಿಲ್ಲ. ತಪ್ಪು ನಂದು. ನಿಮ್ಮ ಬಟ್ಟೆ ರೆಡಿ ಇದೆ. ನಮ್ಮಂಗಡಿಗೆ ಬರೋಕೆ ಮನಸ್ಸಿಲ್ಲ ಅಂದ್ರೆ ನಾನೇ ಮನೆಗೆ ತಂದುಕೊಡ್ತೀನಿ. ನಂಬರು ಅಳಿಸು ಅಂದ್ರೆ ಅಳಿಸ್ತೀನಿ."

ಎಲ್ಲರಿಗೂ ಅದೇ ಮಾತು ಕಳಿಸಬಹುದಿತ್ತು. ಆದರೆ ಒಬ್ಬೊಬ್ಬರ ಬಟ್ಟೆಯನ್ನು ಕೈಯಲ್ಲಿ ಹಿಡಿದಾಗ ಮಾತು ಬೇರೆಯಾಗುತ್ತಿತ್ತು. ಹಾಗಾಗಿ ಹದಿನಾಲ್ಕು ಸಲ ಹೇಳಿದೆ. ಸಂಜೆ ಆರು ಗಂಟೆಗೆ, ಜನ ಎಚ್ಚರವಾಗಿರುವಾಗ.

ಮಾರ್ಚ್ 18, ಮಂಗಳವಾರ

ಹನ್ನೊಂದು ಜನ ಉತ್ತರ ಕೊಟ್ಟರು. ಒಬ್ಬರು ನಂಬರು ಅಳಿಸು ಎಂದರು, ಅಳಿಸಿದೆ. ಉಳಿದವರದ್ದು ಬಹುಮಟ್ಟಿಗೆ ಒಂದೇ ಮಾತು: ಅಂಗಡಿ ಇನ್ನೂ ಇದೆಯಾ? ತಗಡು ನೋಡಿ ಮುಚ್ಚಿಹೋಯಿತು ಎಂದುಕೊಂಡಿದ್ದೆವು.

ಒಬ್ಬ ಅಜ್ಜಿ ಮಾತಿನಲ್ಲೇ ಉತ್ತರ ಕಳಿಸಿದ್ದರು. "ನಿನ್ ಧ್ವನಿ ಇಷ್ಟು ಚೆನ್ನಾಗಿದೆ, ಇಷ್ಟು ದಿನ ಎಲ್ಲಿಟ್ಟಿದ್ದೆ? ಆ ಹಾಳೇಲಿ ನನ್ ಸಾಲಲ್ಲಿ ಬೆನ್ನು ಬಗ್ಗಿದೆ ಅಂತ ಬರೆದಿದ್ರಿ. ಬಗ್ಗಿದೆಯಪ್ಪ, ಎಪ್ಪತ್ತೊಂಬತ್ತಕ್ಕೆ ಬಗ್ಗದೆ ಇನ್ನೇನು ನೆಟ್ಟಗಾಗುತ್ತಾ? ಅದಿರ್ಲಿ, ದಾರಿ ಯಾವ್ದು ಹೇಳು."

ಇದನ್ನು ದೊಡ್ಡಮ್ಮನಿಗೆ ಎರಡು ಸಲ ಕೇಳಿಸಿದೆ. ಮೂರನೇ ಸಲ ಅವಳೇ ಕೇಳಿಸು ಎಂದಳು.

ಮೇಡಂ ಉತ್ತರ ಕೊಟ್ಟಿಲ್ಲ. ಡಾಕ್ಟರೂ ಇಲ್ಲ.

ಮಾರ್ಚ್ 21, ಶುಕ್ರವಾರ

ದಾರಿ ಬಾಯಿಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುತ್ತಿಲ್ಲ. ಹಾಗಾಗಿ ಬೆಳಿಗ್ಗೆ ದೊಡ್ಡ ರಸ್ತೆಯಿಂದ ಹೊರಟು ಒಂದೊಂದು ತಿರುವಿನಲ್ಲಿ ನಿಂತು ಫೋಟೋ ತೆಗೆದೆ. ಹಳದಿ ಬಾಗಿಲಿನ ಮನೆ. ನೀರಿನ ನಲ್ಲಿ. ಮೊಬೈಲಕ್ಕನ ಅಂಗಡಿ. ಬೆಕ್ಕು ಮಲಗುವ ಕಟ್ಟೆ. ಆರು ಮೆಟ್ಟಿಲು. ನಮ್ಮ ಹಿಂಬಾಗಿಲು. ಕಟ್ಟೆಯ ಹತ್ತಿರ ಪೈಪಿನ ಕೆಲಸದವರು ಮಣ್ಣಿನ ಗಾಡಿ ನಿಲ್ಲಿಸಿದ್ದರು. ಅದಿದ್ದರೆ ಕಟ್ಟೆ ಕಾಣುವುದಿಲ್ಲ, ಅದಕ್ಕೇ ಸ್ವಲ್ಪ ಆಚೆ ತಳ್ಳಿ ಎಂದೆ. ತಳ್ಳಿದರು. ಅವರಲ್ಲೊಬ್ಬರು, ಫೋಟೋದಲ್ಲಿ ನಾನೂ ಇರಲಾ ಎಂದರು. ಇರಿ, ಎಡಗೈ ಚಾಚಿ ದಾರಿ ತೋರಿಸಿ ಎಂದೆ. ಈಗ ನಾಲ್ಕನೇ ಫೋಟೋದಲ್ಲಿ ಅವರು ಮೈಯೆಲ್ಲ ಮಣ್ಣು ಮಾಡಿಕೊಂಡು ನಮ್ಮ ಅಂಗಡಿಯ ದಾರಿ ತೋರಿಸುತ್ತಿದ್ದಾರೆ. ಬೆಕ್ಕೂ ಇದೆ.

ಕೇಳಿದವರಿಗೆ ಮಾತ್ರ ಕಳಿಸಿದೆ. ಅವರು ತಮ್ಮವರಿಗೆ ಕಳಿಸಿದರು. ಇವತ್ತು ಐದು ಜನ ಬಂದರು. ಅಜ್ಜಿ ಮೊಮ್ಮಗಳ ಮೂರು ಉಡುಪು ತಂದರು. ನನ್ನನ್ನು ಕರೆದು ಮುಖ ನೋಡಿ, ಧ್ವನಿಗಿಂತ ತೆಳ್ಳಗಿದ್ದೀಯ ಎಂದರು.

ಮಾರ್ಚ್ 25, ಮಂಗಳವಾರ

ಅಳತೆ ಪುಸ್ತಕದಲ್ಲಿ ಹೊಸ ಗೆರೆ ಎಳೆದಿದ್ದೇನೆ. ನಂಬರಿನ ಮುಂದೆ ಹೂಂ, ಬೇಡ, ಸಂಜೆ ಮಾತ್ರ ಎಂದು ಬರೆಯುವುದು. ಹೂಂ ಎಂದವರಿಗೆ ಅವರ ಬಟ್ಟೆಯ ಫೋಟೋ ಕಳಿಸುತ್ತೇನೆ: ಹರಿದದ್ದು ಹೇಗಿತ್ತು, ಈಗ ಹೇಗಿದೆ. ಮೊದಲು ಅವರಿಗೆ ತೋರಿಸಿ ಒಪ್ಪಿಗೆ ಪಡೆದರೆ ಮಾತ್ರ ಬೇರೆಯವರಿಗೆ ತೋರಿಸುವುದು. ಬಟ್ಟೆ ಮಾತ್ರ, ಮೈಯಲ್ಲ. ದೊಡ್ಡಮ್ಮ ಈಗ ಫೋಟೋಗೆ ಮೊದಲು ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ಕೇಳಿದರೆ, ಸುಕ್ಕಿತ್ತು ಎನ್ನುತ್ತಾಳೆ.

ಹನ್ನೊಂದು ಗಂಟೆಗೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿತು. ಡಾಕ್ಟರು. ದೊಡ್ಡಮ್ಮ ಎದ್ದು ನಿಂತಳು, ಕೈಯಲ್ಲಿದ್ದ ಕತ್ತರಿ ಕೆಳಗಿಡಲೂ ಮರೆತಳು.

ಹತ್ತು ದಿನದಿಂದ ಬಂದ ರೋಗಿಗಳೆಲ್ಲ ಬಾಯಿ ತೆರೆಯುವ ಮೊದಲು, ನೀವು ಮೊದಲು ಉಸಿರು ಬಿಡಿ ಡಾಕ್ಟ್ರೇ ಎನ್ನುತ್ತಿದ್ದಾರಂತೆ. ಮೂರು ದಿನ ಸಿಟ್ಟಿನಲ್ಲಿ ಕಳೆದರಂತೆ. ನಾಲ್ಕನೇ ದಿನ, ಹಲ್ಲು ಕೀಳಿಸಿಕೊಳ್ಳಲು ಹೆದರಿ ಕಿರುಚುತ್ತಿದ್ದ ಮಗು ಆ ಮಾತು ಕೇಳಿ ನಕ್ಕು ಬಾಯಿ ತೆರೆಯಿತಂತೆ. ಇದನ್ನೆಲ್ಲ ಗಂಭೀರವಾಗಿ ಹೇಳಿ, ಕೈ ಎರಡೂ ಎತ್ತಿ ನಿಂತರು.

"ಇವತ್ತು ಉಸಿರು ಬಿಟ್ಟೇ ಬಂದಿದ್ದೀನಿ. ಅಳೀರಿ."

ದೊಡ್ಡಮ್ಮನಿಗೆ ನಗು ತಡೆಯಲಾಗದೆ ಟೇಪು ಕೈಗೆ ಸಿಗಲಿಲ್ಲ. ನಾನೇ ಅಳೆದೆ. ನಲವತ್ತಮೂರು. ಅವರ ಕಿವಿಗೆ ಮಾತ್ರ ಕೇಳುವ ಹಾಗೆ ಹೇಳಿದೆ.

ಮಾರ್ಚ್ 28, ಶುಕ್ರವಾರ

ಮೇಡಂ ಬಂದರು.

ಮೆಟ್ಟಿಲ ಸದ್ದೇ ಆಗಲಿಲ್ಲ. ನಾನು ಬಾಗಿಲ ಹತ್ತಿರ ಗುಂಡಿ ಹೊಲಿಯುತ್ತಿದ್ದೆ, ತಲೆ ಎತ್ತಿದರೆ ನಿಂತಿದ್ದಾರೆ. ನನ್ನ ಮಾತನ್ನು ಅವತ್ತೇ ಕೇಳಿದೆ, ಉತ್ತರ ಕೊಡಲು ಬರಲಿಲ್ಲ ಎಂದರು. ಆಮೇಲೆ ತಮ್ಮ ಕೋಟು ಕೇಳಿದರು. ತೊಟ್ಟು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು.

"ಎಷ್ಟು ವರ್ಷದಿಂದ?"

"ಮೊದಲನೇ ಕೋಟಿಂದಾನೂ," ಎಂದಳು ದೊಡ್ಡಮ್ಮ.

"ನಾನು ನೆಟ್ಟಗಿದ್ದೀನಿ ಅಂದ್ಕೊಂಡಿದ್ದೆ."

ದೊಡ್ಡಮ್ಮ ಟೇಪನ್ನು ಬೆರಳಿಗೆ ಸುತ್ತತೊಡಗಿದಳು. ಯಾರಾದರೂ ಏನಾದರೂ ಹೇಳಬೇಕಿತ್ತು. ನೀವು ನೆಟ್ಟಗೇ ಇದ್ದೀರಿ, ಹೆಗಲು ಮಾತ್ರ ಇಳಿದಿದೆ, ದಿನಾ ಎಡಗೈಯಲ್ಲಿ ಪುಸ್ತಕ ಹೊತ್ತವರಿಗೆ ಹಾಗಾಗುತ್ತದೆ ಎಂದೆ. ನಿಜವೋ ಸುಳ್ಳೋ ಗೊತ್ತಿಲ್ಲ, ಬಾಯಿಗೆ ಬಂತು. ಅವರು ನನ್ನ ಕಡೆ ತಿರುಗಿದರು. ತಮ್ಮ ಎಡಗೈಯನ್ನು ನೋಡಿಕೊಂಡರು.

ಪ್ಯಾಡ್ ಬಿಚ್ಚಿಕೊಡಲು ಹೇಳಿದರು. ದೊಡ್ಡಮ್ಮ ಹೊಲಿಗೆ ಬಿಚ್ಚಿ ಕೊಟ್ಟಳು. ಅದು ಅಂಗೈಯಷ್ಟು ಇತ್ತು, ಅಂಚಿನ ಹೊಲಿಗೆ ಒಳಗಿದ್ದರೂ ಎಷ್ಟು ಸಣ್ಣದು, ಎಷ್ಟು ಒಪ್ಪ! ಮೇಡಂ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಯಾರೂ ನೋಡದ ಜಾಗದಲ್ಲಿ ಇಷ್ಟು ಚೆನ್ನಾಗಿ ಹೊಲಿದಿದ್ದೀರಲ್ಲ ಎಂದರು. ಪ್ಯಾಡನ್ನು ಕೈಚೀಲದೊಳಗೆ ಇಟ್ಟುಕೊಂಡರು.

ಹೊಸ ಕೋಟು ಹೊಲಿಯಬೇಕಂತೆ. ಎಡಗಡೆ ಅರ್ಧ ಇಂಚು ಇಳಿಸಿಯೇ ಕತ್ತರಿಸಬೇಕು, ಹೆಗಲು ಹೇಗಿದೆಯೋ ಹಾಗೆ. ಒಳಗಿನ ಲೈನಿಂಗ್ ನಮ್ಮ ಪರದೆಯ ನೀಲಿ ಬಣ್ಣದ್ದು ಬೇಕು ಎಂದರು. ಗ್ರಂಥಾಲಯದಲ್ಲಿ ಕೆಲಸ ಮಾಡುವ ಎಂಟು ಜನರ ಸಮವಸ್ತ್ರವೂ ಬರುವ ತಿಂಗಳು ನಮಗೇ. ಮೆಸೇಜು ಕಳಿಸಬಹುದಾ ಎಂದು ಕೇಳಿದೆ. ಪುಸ್ತಕದಲ್ಲಿ ತಮ್ಮ ನಂಬರಿನ ಮುಂದೆ ಅವರೇ ಹೂಂ ಎಂದು ಬರೆದರು. ಒಳ್ಳೆಯ ಅಕ್ಷರ.

ಮಾರ್ಚ್ 31, ಸೋಮವಾರ

ವ್ಯಾಪಾರಿ ಗಾಡಿ ತಂದಿದ್ದರು, ಜೊತೆಗೆ ಎತ್ತಲು ಇಬ್ಬರು. ಒಳಗೆ ಅಜ್ಜಿ, ಅವರ ಸೊಸೆ, ಸೊಂಟ ಸಡಿಲಿಸಿದ ಪ್ಯಾಂಟು ಒಯ್ಯಲು ಬಂದ ಡಾಕ್ಟರು ಇದ್ದರು. ಕಾಲಿಡಲು ಜಾಗ ಇರಲಿಲ್ಲ. ವ್ಯಾಪಾರಿ ಹೇಗೋ ನುಸುಳಿ ನನ್ನ ಮಷೀನಿನ ತಲೆಯ ಮೇಲೆ ಕೈ ಇಟ್ಟರು.

"ಕೈ ತೆಗೀರಿ," ಎಂದೆ. "ಸೂಜಿ ಕೆಳಗೆ ಬಟ್ಟೆ ಇದೆ."

ಅವರು ತೆಗೆದರು. ದೊಡ್ಡಮ್ಮನ ಕಡೆ ನೋಡಿದರು. ಮಾತಾಗಿತ್ತಲ್ಲಮ್ಮ ಎಂದರು. ದೊಡ್ಡಮ್ಮ ಎದ್ದು ಗೋಡೆಗೆ ಸಿಕ್ಕಿಸಿದ್ದ ಬಟ್ಟೆಗಳನ್ನು ಒಂದೊಂದಾಗಿ ನೋಡಿದಳು. ನನ್ನನ್ನು ನೋಡಿದಳು.

"ಕೆಲಸ ಇಲ್ದಿದ್ರೆ ಅಂತ ಮಾತಾಗಿತ್ತು. ಕೆಲಸ ಇದೆ."

ವ್ಯಾಪಾರಿ ಒಳ್ಳೆಯವರು, ಜಗಳ ಆಡಲಿಲ್ಲ. ಆದರೆ ಗಾಡಿ ಸುಮ್ಮನೆ ಬಂದ ಹಾಗಾಯಿತು. ಅವರ ಅಂಗಿಯ ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ಬಿಚ್ಚಿಕೊಡಿ, ಐದು ನಿಮಿಷ ಎಂದೆ. ಹೊಲಿದುಕೊಟ್ಟೆ, ನಂಬರೂ ಬರೆಸಿಕೊಂಡೆ. ಸಂಜೆ ಮಾತ್ರ ಎಂದರು.



ಏಪ್ರಿಲ್ 2, ಬುಧವಾರ

ಮೇಡಂ ಕೋಟಿನ ಲೈನಿಂಗ್‌ಗೆ ಆ ನೀಲಿ ಬಣ್ಣ ಎಲ್ಲೂ ಸಿಗಲಿಲ್ಲ. ಮೂರು ಬಟ್ಟೆ ಅಂಗಡಿಗೆ ಪರದೆಯ ಫೋಟೋ ಕಳಿಸಿದೆ, ಮೂವರೂ ಇಲ್ಲವೆಂದರು. ಪರದೆ ಇಲ್ಲದಿದ್ದರೂ, ಹಾಕಿ ನೋಡುವವರಿಗೆ ಮೂಲೆಯ ಬೀರುವಿನ ಬಾಗಿಲು ತೆರೆದಿಟ್ಟರೆ ಸಾಕಷ್ಟು ಮರೆಯಾಗುತ್ತದೆ, ನಿನ್ನೆ ನಿಂತು ನೋಡಿದೆ.

ಬೆಳಿಗ್ಗೆ ಕುರ್ಚಿ ಹತ್ತಿ ಪರದೆ ಬಿಚ್ಚಿದೆ. ಒಗೆದು, ಒಣಗಿಸಿ, ಮೇಜಿನ ಮೇಲೆ ಹರವಿದೆ. ದೊಡ್ಡಮ್ಮ ಕನ್ನಡಕದ ಮೇಲಿಂದ ನೋಡಿ, ನೂಲು ಓಡುವ ದಿಕ್ಕು ನೋಡಿಕೊಂಡು ಕತ್ತರಿಸು ಎಂದಳು. ಸೀಮೆಸುಣ್ಣದಿಂದ ಗೆರೆ ಎಳೆದು, ಎಡ ಹೆಗಲಿಗೆ ಅರ್ಧ ಇಂಚು ಇಳಿಸಿ ಕತ್ತರಿಸಿದೆ.